ಅರ್ಧ ಹರಿ, ಅರ್ಧ ಹರ

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ದಾವಣಗೆರೆಯಲ್ಲಿ ಎರಡು ಬಗೆಯ ಕಾವು. ಒಂದು ಬಿಸಿಲಿನದು, ಇನ್ನೊಂದು ಸಿಇಟಿಯದು. ಬಿಸಿಲಿಗಾದರೆ ಮಜ್ಜಿಗೆ ಉಂಟು, ಮರದ ನೆರಳುಂಟು. ಸಿಇಟಿ ಕಾವಿಗೆ ಮದ್ದಿಲ್ಲ. ತರಕಾರಿ ಅಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಗುಡಿಯ ಪ್ರದಕ್ಷಿಣೆಯಲ್ಲಿ ಹೆಂಗಸರು ಎದುರಾದರೆ ಮೊದಲ ಪ್ರಶ್ನೆಯೇ "ಮಗಳಿಗೆ ಎಷ್ಟು ಬಂತ್ರೀ?" ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆ ಈಗ ಕಾಲೇಜುಗಳ ಊರು. ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಲ್ಲೇ ಬಂತು, ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಲ್ಲಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ. ಇಲ್ಲಿ ಅಂಕದ ಮಾತಾಡದವರು ಬೆಣ್ಣೆದೋಸೆ ತಿನ್ನದವರಷ್ಟೇ ಅಪರೂಪ.

ನಾನು ಇರುವುದು ದಾವಣಗೆರೆಯಲ್ಲಿ, ಪಾಠ ಮಾಡುವುದು ಹರಿಹರದಲ್ಲಿ. ನಡುವೆ ಹದಿನಾಲ್ಕು ಕಿಲೋಮೀಟರ್. ಬೆಳಿಗ್ಗೆ ಚಪಾತಿ ಬೇಯಿಸಿಟ್ಟು, ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ತುಂಗಭದ್ರೆಯ ಊರು. ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಎಂಜಿನಿಯರಿಂಗ್ ಸೀಟಿಗೂ ಬಿ.ಎ., ಬಿ.ಎಡ್. ಮೇಡಂಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧ 2021ರಲ್ಲಿ ನಮ್ಮ ಮನೆಯ ಬಾಗಿಲಿಗೇ ಬಂತು. ಅದನ್ನು ಹೇಳಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಆ ವರ್ಷ ನನ್ನ ಮಗಳು ಪಿಯುಸಿ ಎರಡನೇ ವರ್ಷ. ಎರಡು ವರ್ಷದ ಹಿಂದೆ ನನ್ನ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿ ಮುಗಿಸಿಹೋದ ಹರಿಹರದ ಹುಡುಗನೊಬ್ಬನೂ ಅದೇ ತರಗತಿ, ಬೇರೆ ಕಾಲೇಜು. ಮಗಳನ್ನು ಮೊದಲಿನಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಿದ್ದೆವು. ಊರ ಮಕ್ಕಳಿಗೆಲ್ಲ ಕನ್ನಡದಲ್ಲಿ ಪಾಠ ಹೇಳುವವಳು ತನ್ನ ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದಳು ಎಂದು ಸಹೋದ್ಯೋಗಿಗಳು ಹಿಂದಿನಿಂದ ಆಡಿಕೊಂಡದ್ದು ಗೊತ್ತು. ಆಡಿಕೊಳ್ಳುವ ಮಾತೇ ಅದು. ನನ್ನ ಹತ್ತಿರ ಉತ್ತರವಿಲ್ಲ. ಮಗಳು ಅಚ್ಚುಕಟ್ಟಿನ ಹುಡುಗಿ. ನೋಟ್ಸಿಗೆ ಎರಡು ಬಣ್ಣದ ಪೆನ್ನು, ವ್ಯಾಖ್ಯೆಗೆ ಅಡಿಗೆರೆ, ಚಿತ್ರಕ್ಕೆ ಸ್ಕೇಲು. ಕೇಳಿದ ಪ್ರಶ್ನೆಗೆ ಪುಸ್ತಕದಲ್ಲಿದ್ದಂತೆ ಉತ್ತರ ಬರೆದು ಅಂಕ ತರುತ್ತಿದ್ದಳು. ಆ ಹುಡುಗನದು ತದ್ವಿರುದ್ಧ. ಅಪ್ಪ ರಸ್ತೆ ಬದಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವರು, ಅಮ್ಮ ಸಂತೆಯಲ್ಲಿ ಸೊಪ್ಪು ಮಾರುವವರು. ನಕಾಶೆಯಲ್ಲಿ ಕೃಷ್ಣಾ ನದಿ ಗುರುತಿಸು ಎಂದರೆ ಕಣ್ಣು ಮುಚ್ಚಿ ಗುರುತಿಸುವನು. ಅದರ ಬಗ್ಗೆ ಎಂಟು ವಾಕ್ಯ ಬರೆ ಎಂದರೆ ಪೆನ್ನಿನ ತುದಿ ಕಚ್ಚುತ್ತ ಕೂರುವನು. ಹೈಸ್ಕೂಲಿನಲ್ಲಿ ಅದು ಕನ್ನಡದಲ್ಲಾದರೂ ಇತ್ತು. ಪಿಯುಸಿಯಲ್ಲಿ ಭೌತಶಾಸ್ತ್ರ ಇಂಗ್ಲಿಷಿಗೆ ತಿರುಗಿದ ಮೇಲೆ ಮೊದಲ ವರ್ಷದ ಪರೀಕ್ಷೆಯಲ್ಲಿ ಅವನು ಪಾಸಾದದ್ದೇ ಹೆಚ್ಚು.

ಅವನ ಕಷ್ಟ ನನಗೆ ಹೊಸದಲ್ಲ. 1985ರಲ್ಲಿ, ಹರಿಹರ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗ, ಕನ್ನಡ ಮಾಧ್ಯಮದಲ್ಲಿ ಫಸ್ಟ್ ಕ್ಲಾಸ್ ತೆಗೆದುಕೊಂಡು ಪಿಯುಸಿ ವಿಜ್ಞಾನಕ್ಕೆ ಸೇರಿದವಳು ನಾನು. ಗುರುತ್ವಾಕರ್ಷಣೆ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಮೇಷ್ಟ್ರು 'ಗ್ರಾವಿಟೇಶನ್' ಎಂದು ಕರೆದಾಗ ಬೇರೆ ಯಾವುದೋ ಸಂಗತಿ ಎಂದುಕೊಂಡು ಒಂದು ವಾರ ಕೂತಿದ್ದೆ! ಭೌತಶಾಸ್ತ್ರದಲ್ಲಿ ಡುಮ್ಕಿ ಹೊಡೆದು, ಮತ್ತೆ ಪರೀಕ್ಷೆ ಕಟ್ಟಿ ಪಾಸಾಗಿ, ಬಿ.ಎ.ಗೆ ಸೇರಿದೆ. ಆಗ ಅಂಕಪಟ್ಟಿಯೇ ಹಣೆಬರಹ. ಅಂಕವಿಲ್ಲದವರಲ್ಲಿ ಹಣವಿದ್ದವರಿಗೆ ಡೊನೇಷನ್ ಎಂಬ ಹಿತ್ತಲ ಬಾಗಿಲಿತ್ತು. ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲೇ ಬಂದಿದ್ದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿಇಟಿ ಶುರುವಾದಾಗ ನಾನು ಬಿ.ಎಡ್. ಮುಗಿಸಿ ಮೇಡಂ ಆಗಿದ್ದೆ.

ಸಿಇಟಿ ಎಂದರೆ ಬರೆಯುವ ಪರೀಕ್ಷೆಯಲ್ಲ, ಗುರುತು ಮಾಡುವ ಪರೀಕ್ಷೆ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಾದರೆ ಅಂಕ ಕಳೆಯುವುದಿಲ್ಲ. ವಾಕ್ಯ ಬೇಡ, ವ್ಯಾಕರಣ ಬೇಡ, ದುಂಡಗಿನ ಅಕ್ಷರ ಬೇಡ. ನಾಲ್ಕರಲ್ಲಿ ಸರಿಯಾದದ್ದಕ್ಕೆ ಮಸಿ ತುಂಬಿದರೆ ಸಾಕು. ಆದರೆ ಎಂಜಿನಿಯರಿಂಗ್ ರ್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಎರಡೂ ಕೂಡಿದರೇ ರ್ಯಾಂಕು.

ಕೊರೋನಾದ ಎರಡನೇ ಅಲೆಯಲ್ಲಿ, 2021ರ ಜೂನಿನಲ್ಲಿ, ಪಿಯುಸಿ ಪರೀಕ್ಷೆಯೇ ರದ್ದಾಯಿತು. ಎಸ್ಸೆಸ್ಸೆಲ್ಸಿಗೆ ಶೇ. 45, ಮೊದಲ ಪಿಯುಸಿಗೆ ಶೇ. 45, ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ಎಂದು ಲೆಕ್ಕ ಹಾಕಿ ಎಲ್ಲರನ್ನೂ ಪಾಸು ಮಾಡಿದರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600. ಪರೀಕ್ಷೆ ಬರೆಯದೆ ಬಂದ ಅಂಕವನ್ನು ರ್ಯಾಂಕಿಗೆ ಹೇಗೆ ಹಿಡಿಯುವುದು? ಆ ವರ್ಷದ ಮಟ್ಟಿಗೆ ಸಿಇಟಿ ಅಂಕವೊಂದೇ ಸಾಕು ಎಂದು ಸರ್ಕಾರ ತೀರ್ಮಾನಿಸಿತು. ಆಗಸ್ಟ್ 28 ಮತ್ತು 29ರಂದು ಮಕ್ಕಳು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಪರೀಕ್ಷೆ ಬರೆದರು. ಸೆಪ್ಟೆಂಬರ್ 20ಕ್ಕೆ ಫಲಿತಾಂಶ ಬಂತು.

ಆ ಸಂಜೆ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮಗಳ ಸಿಇಟಿ ಅಂಕ 180ಕ್ಕೆ 71, ರ್ಯಾಂಕು ಐದಂಕಿ. ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಕನಸು ಅಷ್ಟಕ್ಕೇ ಮುಗಿದಿತ್ತು. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ನಮ್ಮ ಮನೆಯವರು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡರು. ಬಾಗಿಲ ಮುಂದೆ ನಿಂತು "ಏಳವ್ವಾ, ಒಂದು ಲೋಟ ಹಾಲಾದರೂ ಕುಡಿ" ಎನ್ನುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಹರಿಹರದ ಹುಡುಗ.

"ಮೇಡಂ, ನೂರಾ ಹನ್ನೆರಡು ಬಂದೈತ್ರಿ! ರ್ಯಾಂಕು ನಾಕಂಕಿ ಒಳಗೈತ್ರಿ!"

ಅವನ ಹಿಂದೆ ಅವರಮ್ಮನ ಅಳುವೋ ನಗುವೋ ಕೇಳುತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರಮ್ಮ ಏನನ್ನಬೇಕಿತ್ತು? "ಶಹಬ್ಬಾಸ್ ಮಗನೇ" ಅನ್ನಬೇಕಿತ್ತು. ನಾನು ಅಂದದ್ದು, "ಆಮೇಲೆ ಮಾತಾಡ್ತೀನಿ ಕಣೋ." ಫೋನಿಟ್ಟೆ. ಆ ಆಮೇಲೆ ಅಂದು ರಾತ್ರಿ ಬರಲಿಲ್ಲ, ಮರುದಿನವೂ ಬರಲಿಲ್ಲ.

ರಾತ್ರಿ ನಿದ್ದೆ ಹತ್ತದೆ ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನ ಮೇಲೆ ಲೆಕ್ಕ ಹಾಕಿದೆ. ಮಗಳ ಪಿಯುಸಿ ಅಂಕ ಮೂರು ವಿಷಯ ಸೇರಿ 300ಕ್ಕೆ 291, ಅಂದರೆ ಶೇ. 97, ಅದರರ್ಧ 48.5. ಸಿಇಟಿಯ 71 ಅಂದರೆ ಶೇ. 39.44, ಅದರರ್ಧ 19.72. ಕೂಡಿದರೆ 68.22. ಹುಡುಗನ ಪಿಯುಸಿ ಅಂಕವೂ ನನಗೆ ಗೊತ್ತಿತ್ತು, ಅವನೇ ಬಂದು ಹೇಳಿಹೋಗಿದ್ದ: 183, ಶೇ. 61, ಅರ್ಧ 30.5. ಸಿಇಟಿಯ 112 ಅಂದರೆ ಶೇ. 62.22, ಅರ್ಧ 31.11. ಒಟ್ಟು 61.61. ಹಳೆಯ ನಿಯಮವಿದ್ದಿದ್ದರೆ ಮಗಳು ಮುಂದೆ, ಅವನು ಹಿಂದೆ! ಒಂದೇ ನಿಯಮ ಬದಲಾಗಿ ಇಬ್ಬರ ಜಾಗ ಅದಲುಬದಲಾಗಿತ್ತು. 'ಅನ್ಯಾಯ' ಎಂದು ಹಾಳೆಯ ಕೆಳಗೆ ಬರೆದು ಎರಡು ಸಲ ಅಡಿಗೆರೆ ಎಳೆದೆ. ಮಗಳ ಅಭ್ಯಾಸ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ಇನ್ನು ಮುಂದಿನದು ನನ್ನ ತಪ್ಪಿನ ಕತೆ.

ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5ರ ಮೀಸಲಾತಿ ಇದೆ. ಅದಕ್ಕೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಹುಡುಗ ಆ ಕಾಗದ ಹಿಡಿದು ಶಾಲೆಗೆ ಬಂದ. ಅಂದು ಹೆಡ್‌ಮಾಸ್ಟರು ರಜೆ, ಪ್ರಭಾರ ನನ್ನದು. ದಾಖಲಾತಿ ಪುಸ್ತಕ ತೆಗೆದು ನೋಡಿ ಸಹಿ ಹಾಕಿ ಮೊಹರು ಒತ್ತಲು ಹತ್ತು ನಿಮಿಷ ಸಾಕು. ನಾನು ಗಡಿಯಾರ ನೋಡಿ "ನಾಳೆ ಬಾರೋ, ಇವತ್ತು ಕೆಲಸ ಜಾಸ್ತಿ ಇದೆ" ಅಂದೆ. ಕೆಲಸವೇನೂ ಇರಲಿಲ್ಲ. ಅವನು "ಆಗಲಿ ಮೇಡಂ" ಎಂದು ಹೋದ. ಒಂದು ಮಾತು ಎದುರಾಡಲಿಲ್ಲ. ದಾಖಲೆ ಪರಿಶೀಲನೆಗೆ ಅವನಿಗೆ ಉಳಿದದ್ದು ಎರಡೇ ದಿನ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ.

ಅಂದು ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣಕ್ಕೆ ಹೋಗದೆ ಹರಿಹರೇಶ್ವರನ ಗುಡಿಗೆ ಹೋದೆ. ಹೊಯ್ಸಳ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಇದೇ ಪಾಠ ಹೇಳುತ್ತೇನೆ. ಗುಹನೆಂಬ ರಾಕ್ಷಸ, ಹರಿಯೊಬ್ಬನಿಂದಲೂ ಸಾವು ಬರಬಾರದು, ಹರನೊಬ್ಬನಿಂದಲೂ ಬರಬಾರದು ಎಂದು ವರ ಪಡೆದ. ಆಗ ಇಬ್ಬರೂ ಒಂದೇ ಮೈಯಾಗಿ ಬಂದರು, ಅರ್ಧ ಅವನು, ಅರ್ಧ ಇವನು. ಮಕ್ಕಳಿಗೆ ಎಷ್ಟು ಸಲೀಸಾಗಿ ಹೇಳುತ್ತೇನೆ! ಅಂದು ಮೂರ್ತಿಯ ಮುಂದೆ ಕೈಮುಗಿದು ನಿಂತಾಗ ಬೇಡಲು ಏನೂ ತೋಚಲಿಲ್ಲ. ಮಗಳಿಗೆ ಸೀಟು ಕೊಡು ಎನ್ನಲೇ? ಆ ಹುಡುಗನಿಗೆ ಬೇಡ ಎನ್ನಲೇ? ಮಂಗಳಾರತಿ ತೆಗೆದುಕೊಂಡು ಸುಮ್ಮನೆ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ವಿಷಯ ಹೇಳಿಬಿಟ್ಟೆ. ಅವಳ ಪರವಾಗಿ ಏನೋ ಮಾಡಿದೆನೆಂಬ ಭ್ರಮೆ ನನಗೆ. ಅವಳು ತುತ್ತು ಕೆಳಗಿಟ್ಟಳು.

"ಅಮ್ಮ, ಅವನೇನು ನನ್ನ ಸೀಟು ಕಿತ್ಕೊಂಡನಾ? ಪ್ರಶ್ನೆಪತ್ರಿಕೆ ಇಬ್ಬರಿಗೂ ಒಂದೇ ಇತ್ತಲ್ಲ?"

ನಾನು ಅಂಕಪಟ್ಟಿಯ ಲೆಕ್ಕ ಹೇಳಲು ಹೋದೆ. "ನನ್ನ ತೊಂಬತ್ತೇಳರಲ್ಲಿ ನಿನ್ನ ಪಾಲೆಷ್ಟು, ಟ್ಯೂಷನ್ನಿನ ಪಾಲೆಷ್ಟು ಅಂತ ಲೆಕ್ಕ ಹಾಕಿದ್ಯಾ?" ಎಂದಳು. ನಾನು ಹಾಕಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕಾಫಿ ಕೊಟ್ಟದ್ದು, ಬರೆದ ಉತ್ತರ ಓದಿ ತಿದ್ದಿದ್ದು, ಎರಡು ಟ್ಯೂಷನ್ನಿಗೆ ಅವರಪ್ಪ ಸ್ಕೂಟರಿನಲ್ಲಿ ಬಿಟ್ಟದ್ದು, ಎಲ್ಲ ಆ ಅಂಕದಲ್ಲಿತ್ತು. ಆ ಹುಡುಗ ಲಾಕ್‌ಡೌನಿನಲ್ಲಿ ಅಪ್ಪನ ವರ್ಕ್‌ಶಾಪಿನ ಮೂಲೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದೊಂದಾಗಿ ಬಿಡಿಸಿದ್ದ. ಮನೆಗೆಲ್ಲ ಇದ್ದದ್ದು ಒಂದೇ ಫೋನು, ಅದೂ ರಾತ್ರಿ ಅಪ್ಪ ಮಲಗಿದ ಮೇಲೆ ಅವನ ಕೈಗೆ. ಲೇತಿನ ಮುಂದೆ ಬೆಳೆದವನಿಗೆ ಅರ್ಧ ನೂಲು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಉತ್ತರದಲ್ಲಿ ಮೂರು ತಪ್ಪು ಎಂದು ಅವನಿಗೆ ಹೊಳೆಯುತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ಬರೆದು ಹೇಳಲು ಮಾತ್ರ ಬರುತ್ತಿರಲಿಲ್ಲ. ನನಗೂ ಒಂದು ಕಾಲಕ್ಕೆ ಬರುತ್ತಿರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಅವನಿಗೆ ಫೋನು ಮಾಡಿ ಶಾಲೆಗೆ ಕರೆಸಿ, ಪ್ರಮಾಣಪತ್ರ ಬರೆದು, ಮೇಲುರುಜಿಗೆ ಅವನ ಜೊತೆ ನಾನೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಕಾಗದ ಕೈಗೆ ಬಂತು. ಹೊರಗೆ ಕಾಯುತ್ತಿದ್ದ ಅವರಮ್ಮ "ಅಕ್ಕೋರೆ, ನಿಮ್ಮಿಂದ ನನ್ ಮಗನ ಬಾಳ್ವೆ ಆತು" ಎಂದು ಕಾಲಿಗೆ ಬೀಳಲು ಬಂದರು. ಹಿಡಿದೆತ್ತಿದೆ. ಹಿಂದಿನ ದಿನದ ಮಾತು ಅವರಿಗೆ ಹೇಳಲಿಲ್ಲ, ಧೈರ್ಯ ಬರಲಿಲ್ಲ.

ಯು.ಬಿ.ಡಿ.ಟಿ.ಯಲ್ಲಿ ಅವನಿಗೆ ಸೀಟು ಸಿಕ್ಕಿತು. ಆರಿಸಿಕೊಂಡದ್ದು ಮೆಕ್ಯಾನಿಕಲ್. "ಕಂಪ್ಯೂಟರೂ ಸಿಗ್ತಿತ್ತಲ್ಲೋ" ಎಂದರೆ "ಲೇತ್ ಮ್ಯಾಲೆ ಕೈ ಕುಂತೈತ್ರಿ ಮೇಡಂ" ಎಂದ. ಮಗಳು ಬಿ.ಎಸ್ಸಿ.ಗೆ ಅರ್ಜಿ ಹಾಕಿದಳು. ಅಲ್ಲಿ ನೋಡುವುದು ಪಿಯುಸಿ ಅಂಕವನ್ನೇ. ಪಟ್ಟಿಯ ಮೇಲ್ತುದಿಯಲ್ಲಿ ಅವಳ ಹೆಸರು. ಮನೆಯವರಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ವರ್ಷ ಕೋಚಿಂಗಿಗೆ ಹಾಕಿ 2022ರಲ್ಲಿ ಮತ್ತೆ ಬರೆಸೋಣ, ಅಷ್ಟರಲ್ಲಿ ಪಿಯುಸಿ ಅಂಕವೂ ಸೇರುತ್ತದೆ ಎಂದರು. ಇವಳು ಒಪ್ಪಲಿಲ್ಲ. ಒಪ್ಪದ್ದು ಒಳ್ಳೆಯದೇ ಆಯಿತು. 2022ರಲ್ಲಿ ಹೊಸಬರಿಗೆ ಅರ್ಧ ಅರ್ಧ ಲೆಕ್ಕ ಮರಳಿ ಬಂತು. ಹಿಂದಿನ ವರ್ಷ ಪರೀಕ್ಷೆಯಿಲ್ಲದೆ ಪಾಸಾಗಿ ಮತ್ತೆ ಬರೆದವರಿಗೆ ಮಾತ್ರ ಸಿಇಟಿ ಅಂಕವನ್ನಷ್ಟೇ ಹಿಡಿದರು. ಅಂಥವರು ಸುಮಾರು 24 ಸಾವಿರ. ವಿಷಯ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಅವರ ಪಿಯುಸಿ ಅಂಕವನ್ನೂ ಸೇರಿಸಿ ಎಂದಿತು. ಹಾಗೆ ಮಾಡಿದರೆ ಬರೆದು ಪಾಸಾದ ಹೊಸ ಮಕ್ಕಳಿಗೆ ಅನ್ಯಾಯ ಎಂದು ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ ಹಿಂದಿನವರ ಪಿಯುಸಿ ಅಂಕವನ್ನು ಒಂದಿಷ್ಟು ಇಳಿಸಿ ಲೆಕ್ಕಕ್ಕೆ ಹಿಡಿಯುವ ಸೂತ್ರವನ್ನು ವಿಭಾಗೀಯ ಪೀಠ ಒಪ್ಪಿತು. ಅಷ್ಟು ತಿಂಗಳು ಆ 24 ಸಾವಿರ ಮನೆಗಳಲ್ಲಿ ಎಷ್ಟು ತಾಯಂದಿರು ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಹಾಕಿದರೋ!

ಈ ಗೊಂದಲ ನಮ್ಮದೊಂದೇ ಅಲ್ಲ. ಜೆಇಇ ಮೇನ್‌ನಲ್ಲಿ 2013ರಿಂದ 2016ರವರೆಗೆ ಬೋರ್ಡ್ ಪರೀಕ್ಷೆಯ ಅಂಕಕ್ಕೆ ಶೇ. 40ರ ಪಾಲಿತ್ತು, 2017ರಿಂದ ಕೈಬಿಟ್ಟರು. ಅಮೆರಿಕದ ಎಂಐಟಿ ಕೊರೋನಾ ಕಾಲದಲ್ಲಿ ಪ್ರವೇಶ ಪರೀಕ್ಷೆಯ ಅಂಕ ಬೇಡವೆಂದಿತ್ತು. ಒಳ್ಳೆಯ ಶಾಲೆ ಸಿಗದ ಜಾಣ ಮಕ್ಕಳನ್ನು ಗುರುತಿಸಲು ಆ ಅಂಕವೇ ನೆರವಾಗುತ್ತದೆಂದು 2022ರಲ್ಲಿ ಮತ್ತೆ ಬೇಕೆಂದಿತು. ಓದಿದಾಗ ನನಗೆ ಲೇತಿನ ಸದ್ದಿನ ನಡುವೆ ಕೂತ ಹುಡುಗ ನೆನಪಾದ.

ಹಾಗೆಂದು ಮಸಿ ತುಂಬುವ ಪರೀಕ್ಷೆಯೇ ಸತ್ಯ ಎಂದು ನಾನು ಹೇಳಲಾರೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ವಾರ ಆ ಹುಡುಗ ನಮ್ಮ ಮನೆಗೆ ಬಂದ. ಎರಡು ವಿಷಯ ಹೋಗಿದ್ದವು. ಮುಖ ಸಣ್ಣದು ಮಾಡಿಕೊಂಡು "ಮೇಡಂ, ಇಲ್ಲೂ ಬರೀಬೇಕ್ರಿ" ಎಂದ. ನಗಬಾರದಿತ್ತು, ಆದರೂ ನಕ್ಕೆವು, ಅವನೂ ನಕ್ಕ. ಅಂದಿನಿಂದ ಕೆಲವು ತಿಂಗಳು ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಪಾಠ. ನಾನು ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ, ಮಗಳು ಅವನಿಗೆ ಉತ್ತರ ಬರೆಯುವುದನ್ನು ಹೇಳಿಕೊಡುತ್ತಿದ್ದಳು. ಮೊದಲು ವ್ಯಾಖ್ಯೆ, ಆಮೇಲೆ ಚಿತ್ರ, ಆಮೇಲೆ ಸೂತ್ರ. ಸಣ್ಣ ಸಣ್ಣ ವಾಕ್ಯ ಸಾಕು. ಬದಲಿಗೆ ಅವನು ಅವಳಿಗೆ ಹಳೆಯ ಸಿಇಟಿ ಪ್ರಶ್ನೆಗಳನ್ನು ಬಿಡಿಸಿ ತೋರಿಸುತ್ತಿದ್ದ. "ಇದನ್ನ ಎಲ್ಲೂ ಓದಿಲ್ಲ" ಎಂದು ಇವಳು ಗಾಬರಿಯಾದರೆ "ಓದಿಲ್ದಿದ್ರೆ ಏನಾತ್ರಿ ಅಕ್ಕಾ, ನೋಡೋಣ ತಡೀರಿ" ಎನ್ನುತ್ತಿದ್ದ. ಇಬ್ಬರೂ ಒಂದೇ ವಯಸ್ಸಿನವರು. ಮೇಡಂ ಮಗಳೆಂಬ ಗೌರವಕ್ಕೆ ಅಕ್ಕ. ಕಲಿತದ್ದನ್ನು ಕಲಿತ ಹಾಗೆ ಹೇಳುವುದು ಒಂದು ವಿದ್ಯೆ. ಕಲಿಯದ್ದರ ಮುಂದೆ ಹೆದರದೆ ನಿಲ್ಲುವುದು ಇನ್ನೊಂದು. ಒಂದಿದ್ದವರಿಗೆ ಇನ್ನೊಂದು ಇಲ್ಲವೆಂದು ಬೀಳುಗಳೆಯುವ ಬದಲು, ಇಲ್ಲದ ಅರ್ಧವನ್ನು ಕಲಿಸುವವರು ಬೇಕು.

ಅವನು 2025ರಲ್ಲಿ ಪದವಿ ಮುಗಿಸಿ ಪುಣೆಯ ಕಾರ್ಖಾನೆಯೊಂದಕ್ಕೆ ಸೇರಿದ. ಮಗಳು ಗಣಿತದಲ್ಲಿ ಎಂ.ಎಸ್ಸಿ.ಗೆ ಸೇರಿದಳು. ಪುಣೆಗೆ ಹೊರಡುವ ಮುನ್ನ ಅವನು ಪೇಡೆ ಹಿಡಿದು ಬಂದಾಗ, 'ನಾಳೆ ಬಾ' ಎಂದ ದಿನದ ನಿಜವನ್ನು ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ರಿ ಮೇಡಂ. ಅವತ್ತು ನಿಮ್ಮ ಕಣ್ಣು ಅತ್ತಂಗಿದ್ವು" ಎಂದ. ಪೇಡೆ ಗಂಟಲಲ್ಲಿ ನಿಂತಿತು.

ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಸ್ ನಿಲ್ದಾಣದಲ್ಲಿ ಸಿಕ್ಕಳು, ಜೊತೆಗೆ ಅವಳ ತಾಯಿ. ಪಿಯುಸಿಯಲ್ಲಿ ಮೂರೂ ವಿಷಯ ಸೇರಿ 171 ಬಂದಿದೆಯಂತೆ. "ಇನ್ನು ಸಿಇಟಿ ಬರೆದು ಏನು ಪ್ರಯೋಜನ ಮೇಡಂ?" ಎಂದಳು. ತಾಯಿ ಮಗಳ ಮುಖ ನೋಡಲಾರದೆ ರಸ್ತೆ ನೋಡುತ್ತಿದ್ದರು. ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಎಂಜಿನಿಯರಿಂಗಿಗೆ ಮೂರು ವಿಷಯ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 45, ಮೀಸಲಾತಿಯವರಿಗೆ ಶೇ. 40 ಇದ್ದರೆ ಅರ್ಹತೆ, ನಿನ್ನದು ಶೇ. 57 ಇದೆ, ಬಾಗಿಲು ತೆರೆದೇ ಇದೆ ಎಂದೆ. ಕಾಮೆಡ್‌ಕೆಯಲ್ಲಿ ಅರ್ಹತೆಯಿದ್ದರೆ ಸಾಕು, ರ್ಯಾಂಕು ಅದರ ಪರೀಕ್ಷೆಯ ಮೇಲೆಯೇ. ಆದರೆ ಶುಲ್ಕ ಹೆಚ್ಚು, ಮೊದಲೇ ವಿಚಾರಿಸಿಕೊಳ್ಳಿ ಎಂದು ತಾಯಿಗೆ ಹೇಳಿದೆ. ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ, ಅಂಕ ಹೆಚ್ಚಿಸಿಕೊಳ್ಳಲು ಎರಡನೆಯದಕ್ಕೆ ಕೂರಬಹುದು ಎಂದೂ ಹೇಳಿದೆ. ಹುಡುಗಿ ಅರ್ಧ ನಂಬಿದಳು.

ದಾವಣಗೆರೆ ಬಸ್ಸು ಬಂತು. ಅದನ್ನು ಹೋಗಲು ಬಿಟ್ಟು, ಚೀಲದಿಂದ ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದು ಬೆನ್ನು ಮಗುಚಿದೆ. "ಬಾ, ಲೆಕ್ಕ ಹಾಕೋಣ" ಎಂದೆ.